ಗೆರೆಯಾಚೆಯ ಗಂಡ

ಅವತ್ತು ಅವಳಿಗೆ ಓಓಡಿ, ನನಗೆ ಸಿಎಲ್.

ಸರ್ಕಾರಿ ನೌಕರರ ಜಿಲ್ಲಾ ಮಟ್ಟದ ಕ್ರೀಡಾಕೂಟ. ಆಡಲು ಹೋದವರಿಗೆ ‘ಅನ್ಯ ಕಾರ್ಯ ನಿಮಿತ್ತ’ ಎಂದು ಹಾಜರಾತಿ ಸಿಗುತ್ತದೆ; ಬಾಲು ಹಿಡಿದರೂ ಬಿಟ್ಟರೂ ಅದು ಸರ್ಕಾರಿ ಕೆಲಸವೇ. ನೋಡಲು ಹೋಗುವ ಗಂಡನಿಗೆ ಅಂಥ ಸೌಲಭ್ಯ ಬೇಕೆಂದು ಯಾವ ಸಂಘವೂ ಮನವಿ ಕೊಟ್ಟ ಹಾಗಿಲ್ಲ. ಬ್ಯಾಂಕಿನಲ್ಲಿ ರಜೆ ಅರ್ಜಿ ಚಾಚಿದಾಗ ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, ‘ಮನೆಯವ್ರಿಗೆ ಹುಷಾರಿಲ್ವಾ?’ ಎಂದರು.

‘ಹುಷಾರಾಗಿದಾರೆ ಸಾರ್. ಥ್ರೋಬಾಲ್ ಮ್ಯಾಚ್ ಇದೆ.’

‘ಯಾರಿಗೆ, ಮಗಳಿಗಾ?’

‘ಅಲ್ಲ ಸಾರ್, ಹೆಂಡ್ತಿಗೆ.’

ಸಹಿಯೇನೋ ಹಾಕಿದರು. ಊಟದ ಹೊತ್ತಿಗೆ ಸುದ್ದಿ ಇಡೀ ಶಾಖೆಗೆ ಮುಟ್ಟಿತ್ತು. ಕ್ಯಾಶ್ ಕೌಂಟರಿನ ಹುಡುಗ ‘ಸಾರ್, ಪೊಂಪೊಮ್ ತಂದ್ಕೊಡ್ಲಾ?’ ಎಂದು ಕೇಳಿದ.

ಅವಳು ಪ್ರಾಥಮಿಕ ಶಾಲೆಯ ಮೇಡಂ, ವಯಸ್ಸು ನಲವತ್ತನಾಲ್ಕು. ಹೈಸ್ಕೂಲಿನಲ್ಲಿ ವಲಯ ದಾಟಿ ತಾಲ್ಲೂಕು, ತಾಲ್ಲೂಕು ದಾಟಿ ಜಿಲ್ಲಾ ಮಟ್ಟದವರೆಗೆ ಥ್ರೋಬಾಲ್ ಆಡಿದ್ದಳಂತೆ. ‘ಅಂತೆ’ ಎಂದೆ ನೋಡಿ, ಅಲ್ಲೇ ಇದೆ ವಿಷಯ. ಹದಿನೆಂಟು ವರ್ಷದ ಸಂಸಾರದಲ್ಲಿ ನಾನದನ್ನು ಟ್ರಂಕಿನಲ್ಲಿದ್ದ ಒಂದು ಸರ್ಟಿಫಿಕೇಟಿನ ರೂಪದಲ್ಲಿ ಮಾತ್ರ ಕಂಡಿದ್ದೆ. ಈ ವರ್ಷ ಕ್ಲಸ್ಟರಿನ ಪಿಇ ಮೇಷ್ಟ್ರು ತಂಡ ಕಟ್ಟುವಾಗ ಒಬ್ಬರು ಕಡಿಮೆ ಬಿದ್ದರು. ಸಂಜೆ ನಾಲ್ಕೂವರೆಯ ಗಂಟೆ ಹೊಡೆದ ಮೇಲೆ ಹೈಸ್ಕೂಲ್ ಅಂಗಳದಲ್ಲಿ ಎರಡು ಕಂಬ ನೆಟ್ಟು, ತೂತುಬಿದ್ದ ಬಲೆ ಕಟ್ಟಿ, ಮೂರು ವಾರ ಅಭ್ಯಾಸ. ಮೊದಲ ವಾರ ದಿನಾ ರಾತ್ರಿ ಭುಜಕ್ಕೆ ನೋವಿನೆಣ್ಣೆ ಹಚ್ಚುವ ಕೆಲಸ ನನ್ನದಾಯಿತು. ಎರಡನೇ ವಾರದ ಹೊತ್ತಿಗೆ ಚಪಾತಿ ಉಂಡೆಯನ್ನೂ ಆಕೆ ಒಂದೇ ಕೈಯಲ್ಲಿ ಹೆಗಲ ಮೇಲಿಂದ ತವೆಯತ್ತ ಗುರಿಯಿಡುತ್ತಿದ್ದಳು.

ಥ್ರೋಬಾಲ್ ಎಂದರೆ ಗಂಡಸರಿಗೆ ಸಾಮಾನ್ಯವಾಗಿ ಒಂದು ಸಣ್ಣ ನಗು. ವಾಲಿಬಾಲ್ ಆಡಲು ಬಾರದವರ ಆಟ ಅನ್ನುವ ಅಸಡ್ಡೆ. ನಾನೂ ಆ ಪೈಕಿಯೇ ಇದ್ದೆ. ಮದ್ರಾಸಿನಲ್ಲಿ ದೈಹಿಕ ಶಿಕ್ಷಣದ ವೈಎಂಸಿಎ ಕಾಲೇಜನ್ನು ಕಟ್ಟಿದ ಹ್ಯಾರಿ ಕ್ರೋ ಬಕ್ ಇದನ್ನು ನಮ್ಮ ದೇಶಕ್ಕೆ ತಂದರು ಎನ್ನುತ್ತಾರೆ. 1955ರಲ್ಲಿ ವೈಎಂಸಿಎ ಇದರ ನಿಯಮಗಳನ್ನು ಬರೆದಿಟ್ಟಿತು. ಒಲಿಂಪಿಕ್ಸಿನಲ್ಲಿ ಇಲ್ಲ, ಏಷ್ಯನ್ ಗೇಮ್ಸಿನಲ್ಲೂ ಇಲ್ಲ. ನಮ್ಮ ಹೈಸ್ಕೂಲುಗಳಲ್ಲಿ ಮಾತ್ರ ಗಂಡುಹುಡುಗರ ಪಾಲಿಗೆ ವಾಲಿಬಾಲ್, ಹೆಣ್ಣುಮಕ್ಕಳ ಪಾಲಿಗೆ ಥ್ರೋಬಾಲ್ ಎಂದು ಯಾವ ಕಾಲದಲ್ಲೋ ಪಾಲುಪಟ್ಟಿ ಆಗಿಹೋಗಿದೆ.

ಹತ್ತಿರ ನಿಂತು ನೋಡಿದರೆ ತಿಳಿಯುತ್ತದೆ, ಇದು ಕರುಣೆಯಿಲ್ಲದ ಆಟ. ಹದಿನೆಂಟು ಮೀಟರಿಗೆ ಚೂರು ಹೆಚ್ಚು ಉದ್ದ, ಹನ್ನೆರಡು ಮೀಟರಿಗೆ ಚೂರು ಹೆಚ್ಚು ಅಗಲದ ಅಂಕಣ. ಒಂದು ಕಡೆಗೆ ಏಳು ಜನ. ಬರುವ ಬಾಲನ್ನು ಎರಡೂ ಕೈಯಲ್ಲಿ ಒಟ್ಟಿಗೆ ಹಿಡಿಯಬೇಕು. ಎದೆಗೆ ತಾಗಿದರೆ ಸೀಟಿ, ಅಂಗೈಯಲ್ಲಿ ಒಮ್ಮೆ ಪುಟಿದು ಮತ್ತೆ ಸಿಕ್ಕರೂ ಸೀಟಿ, ಇಬ್ಬರು ಒಟ್ಟಿಗೆ ಕೈಹಾಕಿದರೂ ಸೀಟಿ. ಹಿಡಿದ ಮೇಲೆ ಪಕ್ಕದವಳಿಗೆ ಕೊಟ್ಟು ‘ನೀನೇ ಹಾಕು’ ಎನ್ನುವಂತಿಲ್ಲ. ಮೂರು ಸೆಕೆಂಡಿನೊಳಗೆ, ಹೆಗಲಿಗಿಂತ ಮೇಲಿಂದ, ಒಂದೇ ಕೈಯಲ್ಲಿ ಆಚೆಗೆ ಎಸೆಯಬೇಕು. ವಾಲಿಬಾಲಿನಲ್ಲಿ ಒಬ್ಬ ಎತ್ತಿಕೊಡುತ್ತಾನೆ, ಇನ್ನೊಬ್ಬ ಹೊಡೆಯುತ್ತಾನೆ, ತಪ್ಪು ಹಂಚಿಹೋಗುತ್ತದೆ. ಇಲ್ಲಿ ಹಂಚಿಕೆಯೇ ಇಲ್ಲ. ಬಾಲು ಯಾರ ಕೈಗೆ ಬಂತೋ ಆ ಮೂರು ಸೆಕೆಂಡು ಇಡೀ ಇಲಾಖೆಯ ಮಾನ ಅವಳೊಬ್ಬಳದು.

ನೆಹರೂ ಕ್ರೀಡಾಂಗಣಕ್ಕೆ ನಾವು ಎಂಟೂವರೆಗೇ ಹೋದೆವು. ಶಿವಮೊಗ್ಗದ ಕ್ರೀಡಾಕೂಟಗಳಲ್ಲಿ ಎಂಟೂವರೆ ಎಂದರೆ ಹತ್ತೂವರೆ ಎಂದು ಅರ್ಥ. ಪಥಸಂಚಲನ, ಕ್ರೀಡಾಜ್ಯೋತಿ, ಬಲೂನು, ಅಧ್ಯಕ್ಷೀಯ ಭಾಷಣ ಎಲ್ಲ ಮುಗಿದು ಮೊದಲ ಸೀಟಿ ಊದುವ ಹೊತ್ತಿಗೆ ಸೂರ್ಯ ನೆತ್ತಿಗೆ ಏರಿದ್ದ. ನನ್ನ ನೆತ್ತಿಯ ಮೇಲೆ ಅವನನ್ನು ತಡೆಯುವಂಥದ್ದು ಈಗ ಏನೂ ಉಳಿದಿಲ್ಲ. ಶಾಮಿಯಾನದಡಿ ಅಧಿಕಾರಿಗಳು, ಸುಣ್ಣದ ಗೆರೆಯಾಚೆ ನಾವು. ನಾವು ಎಂದರೆ ಕಂಕುಳಲ್ಲಿ ಬ್ಯಾಗು, ಕೈಯಲ್ಲಿ ನೀರಿನ ಬಾಟಲಿ, ಹೆಗಲ ಮೇಲೆ ಯಾರದೋ ವೇಲು ಹೊತ್ತ ಐದಾರು ಗಂಡಂದಿರು. ಪರಸ್ಪರ ಪರಿಚಯ ಮಾಡಿಕೊಂಡದ್ದು ಹೀಗೆ: ‘ನಾನು ನಂಬರ್ ಫೋರ್ ಮನೆಯವ್ರು.’ ‘ನಮ್ದು ಸೆವೆನ್.’

ಬಾಲು ಮೇಲೇರಿದ ಕೂಡಲೇ ನನಗೆ ಒಂದು ತೊಂದರೆ ಎದುರಾಯಿತು. ಏನೆಂದು ಕೂಗುವುದು? ಮನೆಯಲ್ಲಿ ನಾನು ಅವಳನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ. ‘ಕೇಳ್ತಾ?’, ‘ಏ ಇವ್ಳೇ’, ತೀರ ಅವಸರವಾದರೆ ಮಗಳ ಹೆಸರು. ಅವಳಿಗೆ ನಾನು ‘ರೀ’. ಮದುವೆ ಮನೆಯಲ್ಲಿ ಹೆಸರು ಹೇಳುವ ಶಾಸ್ತ್ರ ಅಂತಲೇ ಒಂದು ಇದೆಯಲ್ಲ, ಗಂಡ ಹೆಂಡತಿ ಪರಸ್ಪರರ ಹೆಸರನ್ನು ಬಾಯಿಬಿಟ್ಟು ಹೇಳುವುದು ಅಂಥ ಅಪರೂಪದ ಪ್ರಸಂಗವಾದ್ದರಿಂದಲೇ ಅದಕ್ಕೊಂದು ಶಾಸ್ತ್ರ ಬೇಕಾಯಿತು. ಈಗ ಐನೂರು ಜನರ ಎದುರು, ಬಿಇಒ ಸಾಹೇಬರು ಕುಳಿತಿರುವಾಗ, ಹೆಸರು ಕೂಗುವುದೇ? ಸಹೋದ್ಯೋಗಿಗಳಂತೆ ‘ಮೇಡಂ’ ಅನ್ನುವುದೇ? ಬಾಯಿ ತೆರೆದೆ. ಗಂಟಲಿಂದ ಹೊರಟದ್ದು ಇದು: ‘ಶಿಕ್ಷಣ ಇಲಾಖೇಗೇ ಜೈ!’

ನಂಬರ್ ಸೆವೆನ್‌ನ ಯಜಮಾನರು ಜೈ ಎಂದರು. ಅಂಕಣದಿಂದ ಹೆಂಡತಿ ಒಂದು ಸಲ ತಿರುಗಿ ನೋಡಿದಳು. ಆ ನೋಟದ ಅರ್ಥ ಮದುವೆಯಾದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಧೈರ್ಯ ಬಂತು. ಧೈರ್ಯ ಬಂದ ಗಂಡಸು ಮೊದಲು ಮಾಡುವ ಕೆಲಸ ಉಪದೇಶ. ‘ಎಡಗಡೆ ಖಾಲಿ ಇದೆ, ಎಡಗಡೆ!’, ‘ಬೇಗ ಬಿಡು!’, ‘ಮುಂದೆ ಬಾ, ಮುಂದೆ!’ ಮೂರು ವಾರದ ಹಿಂದೆ ಈ ಆಟದ ನಿಯಮ ಗೊತ್ತಿರದ ನಾನು ಮೊದಲ ಸೆಟ್ಟು ಮುಗಿಯುವುದರೊಳಗೆ ಕೋಚ್ ಆಗಿದ್ದೆ. ಆ ಸೆಟ್ಟು ನಾವು ಸೋತೆವು, 9–15. ಅದರಲ್ಲಿ ಮೂರು ಪಾಯಿಂಟು ಅವಳ ಕೈಯಿಂದ ಹೋದವು. ಮೂರೂ ಸಲ ನಾನು ಕೂಗುತ್ತಿದ್ದೆ.

ಸೆಟ್ಟಿನ ನಡುವೆ ನೀರು ಕುಡಿಯಲು ಬಂದವಳು ಬಾಟಲಿಯ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಹೇಳಿದಳು: ‘ಬಾಲು ನನ್ ಕೈಲಿದ್ದಾಗ ಸುಮ್ನಿರಿ ಮಾರಾಯ್ರೆ. ಪಾಯಿಂಟ್ ಹೋದ್ಮೇಲೆ ಬೇಕಾದ್ರೆ ಏನಾದ್ರೂ ಕೂಗಿ.’

ಇದು ಬರೀ ಸಿಡುಕಲ್ಲ, ಇದರಲ್ಲಿ ಶಾಸ್ತ್ರವಿದೆ ಎಂದು ಮನೆಗೆ ಬಂದು ಓದಿಕೊಂಡ ಮೇಲೆ ತಿಳಿಯಿತು. ರಾಬರ್ಟ್ ಝಾಯಂಟ್ಸ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ಒಂದು ಮಾತು ಹೇಳಿದರು: ಯಾರಾದರೂ ನೋಡುತ್ತಿದ್ದಾರೆ ಎಂದಾಗ ನಮಗೆ ಚೆನ್ನಾಗಿ ರೂಢಿಯಾದ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ, ರೂಢಿಯಾಗದ ಕೆಲಸ ಇನ್ನೂ ಕೆಡುತ್ತದೆ. ಇದನ್ನು ಅವರೂ ಜೊತೆಯವರೂ 1969ರಲ್ಲಿ ಜಿರಳೆಗಳ ಮೇಲೂ ಪರೀಕ್ಷಿಸಿದರು. ಬೆಳಕಿಗೆ ಹೆದರಿ ಓಡುವ ಜಿರಳೆಗೆ ಒಂದು ನೇರ ದಾರಿ, ಇನ್ನೊಂದು ತಿರುವಿನ ದಾರಿ. ಅಕ್ಕಪಕ್ಕದ ಪಾರದರ್ಶಕ ಪೆಟ್ಟಿಗೆಗಳಲ್ಲಿ ಪ್ರೇಕ್ಷಕರಾಗಿ ಬೇರೆ ಜಿರಳೆಗಳು. ಪ್ರೇಕ್ಷಕರಿದ್ದಾಗ ನೇರ ದಾರಿಯಲ್ಲಿ ಓಟ ಜೋರಾಯಿತು, ತಿರುವಿನ ದಾರಿಯಲ್ಲಿ ತಡವಾಯಿತು. ಮೂರು ವಾರ ದಿನಕ್ಕೆ ಐವತ್ತು ಸಲ ಮಾಡಿದ ಸರ್ವಿಸು ಅವಳ ನೇರ ದಾರಿ. ಎಲ್ಲಿಂದ ಬರುತ್ತದೋ ತಿಳಿಯದ ಬಾಲನ್ನು ಹಿಡಿದು ಮೂರು ಸೆಕೆಂಡಿನಲ್ಲಿ ಜಾಗ ಹುಡುಕುವುದು ತಿರುವಿನ ದಾರಿ. ಪೆಟ್ಟಿಗೆಯೊಳಗಿನ ಜಿರಳೆ ನಾನು.

ಇದಕ್ಕಿಂತ ಮನಸ್ಸಿಗೆ ಇಳಿದದ್ದು ಇನ್ನೊಂದು ಪ್ರಯೋಗ. 1998ರಲ್ಲಿ ಜೆನಿಫರ್ ಬಟ್ಲರ್ ಮತ್ತು ರಾಯ್ ಬೌಮೈಸ್ಟರ್ ಎಂಬ ಅಮೆರಿಕದ ಸಂಶೋಧಕರು ಕೆಲವರಿಗೆ ಕಷ್ಟದ ಕೆಲಸಗಳನ್ನು ಕೊಟ್ಟರು. ಒಮ್ಮೆ ಅವರ ಗೆಲುವನ್ನು ಬಯಸುವ ಆತ್ಮೀಯರ ಎದುರು, ಮತ್ತೊಮ್ಮೆ ಹಾಗಲ್ಲದವರ ಎದುರು. ತಮ್ಮವರ ಎದುರು ಮಾಡಿದಾಗಲೇ ಕೆಲಸ ಹೆಚ್ಚು ಕೆಟ್ಟಿತು. ತಮಾಷೆ ಎಂದರೆ, ಮಾಡಿದವರಿಗೆ ಹಾಗನ್ನಿಸಲೇ ಇಲ್ಲ. ನಮ್ಮವರಿದ್ದರೆ ಹಾಯೆನಿಸುತ್ತದೆ, ಅದರಿಂದ ಸಹಾಯವಾಯಿತು ಎಂದೇ ಅವರು ತಿಳಿದಿದ್ದರು. ನಮ್ಮವರ ಎದುರು ತಪ್ಪಬಾರದು ಎಂಬ ಎಚ್ಚರ ಹೆಚ್ಚಾಗಿ ಕೈ ಹಿಂಜರಿಯುತ್ತದಂತೆ.

ಆಡುವವರಿಗೆ ಗೆರೆಯಾಚೆಯಿಂದ ಕೂಗಿ ಹುಮ್ಮಸ್ಸು ತುಂಬುವುದಕ್ಕೆ ಕನ್ನಡದಲ್ಲಿ ‘ಹುರಿದುಂಬಿಸು’ ಎನ್ನುತ್ತೇವೆ. ಹುರಿ ಎಂದರೆ ಹಗ್ಗಕ್ಕೆ ಕೊಡುವ ತಿರುಚು. ನಮ್ಮಜ್ಜ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕೂತು ಕಣ್ಣಿ ಹೊಸೆಯುತ್ತಿದ್ದರು. ಹುರಿ ಸಾಲದಿದ್ದರೆ ಎಳೆ ಬಿಚ್ಚಿಕೊಳ್ಳುತ್ತಿತ್ತು, ಹೆಚ್ಚಾದರೆ ಹಗ್ಗ ತನ್ನಷ್ಟಕ್ಕೆ ಸುತ್ತಿಕೊಂಡು ಗಂಟಾಗುತ್ತಿತ್ತು. ನಾನು ಮೊದಲ ಸೆಟ್ಟಿನಲ್ಲಿ ಮಾಡಿದ್ದು ಗಂಟು.

ನೋಡುವುದೂ ಒಂದು ಕಸುಬು, ಅದನ್ನು ಗಂಡಸರಿಗೆ ಯಾರೂ ಕಲಿಸಿಲ್ಲ. ಹೆಂಗಸರಿಗೆ ಕಲಿಸಬೇಕಾದ ಅಗತ್ಯವೇ ಬರಲಿಲ್ಲ, ಅದು ಅವರಿಗೆ ಗಂಟುಬಿದ್ದದ್ದು. ಈಗಿನ ಒಲಿಂಪಿಕ್ಸನ್ನು ಹುಟ್ಟುಹಾಕಿದ ಪಿಯರ್ ದ ಕೂಬರ್ತಾಂಗೆ ಹೆಂಗಸರು ಆಡುವುದು ಸುತರಾಂ ಇಷ್ಟವಿರಲಿಲ್ಲ. 1912ರಲ್ಲಿ ಅವರು ಬರೆದದ್ದರ ತಾತ್ಪರ್ಯ ಇಷ್ಟು: ಆಡುವುದು ಗಂಡಸರ ಪಾಲು, ಹೆಂಗಸರ ಚಪ್ಪಾಳೆ ಅವರಿಗೆ ಬಹುಮಾನ. ಅಲ್ಲಿಂದ ಹಿಂದೆ ಗ್ರೀಕರ ಕಾಲಕ್ಕೆ ಹೋದರೆ ಚಪ್ಪಾಳೆಗೂ ಅವಕಾಶವಿರಲಿಲ್ಲ. ಮದುವೆಯಾದ ಹೆಂಗಸರು ಒಲಿಂಪಿಯಾದ ಆಟ ನೋಡುವುದೇ ನಿಷಿದ್ಧ ಎಂದು ಪೌಸಾನಿಯಸ್ ಬರೆದಿಟ್ಟಿದ್ದಾನೆ.

ನನ್ನ ಮನೆಯ ಚರಿತ್ರೆ ಅಷ್ಟು ಹಳೆಯದಲ್ಲ. ಮದುವೆಯಾದ ಹೊಸತರಲ್ಲಿ ನಾನು ಭಾನುವಾರ ಕ್ರಿಕೆಟ್ ಆಡುತ್ತಿದ್ದೆ. ಒಂದೇ ಒಂದು ಸಲ ಅವಳು ನೋಡಲು ಬಂದಿದ್ದಳು. ಮೈದಾನದ ಅಂಚಿನಲ್ಲಿ ನಿಲ್ಲಿಸಿದ್ದ ಸ್ಕೂಟರಿನ ಮೇಲೆ ಕೂತು, ನನ್ನ ವಾಚು, ಪರ್ಸು, ಸ್ವೆಟರು ಮಡಿಲಲ್ಲಿಟ್ಟುಕೊಂಡು, ಎರಡು ಗಂಟೆ. ಯಾರು ಗೆಲ್ಲುತ್ತಿದ್ದಾರೆ ಎಂದು ಅವಳಿಗೆ ಹೇಳುವವರು ಒಬ್ಬರೂ ಇರಲಿಲ್ಲ. ನಾನು ಎದುರಿಸಿದ ಮೊದಲ ಬಾಲಿಗೇ ಬೌಲ್ಡ್. ಹಿಂದಿರುಗುವಾಗ ನಾನು ಅಂದ ಮಾತು ನೆನಪಿದೆ: ‘ನೀನು ಬಂದೆ ನೋಡು, ಅದಕ್ಕೇ.’ ಅವಳು ಮತ್ತೆ ಬರಲಿಲ್ಲ. ನಾನು ಅದನ್ನು ಆಸಕ್ತಿಯಿಲ್ಲ ಎಂದುಕೊಂಡೆ.

ಇದು ನನ್ನೊಬ್ಬನ ಸಣ್ಣತನವಾಗಿದ್ದರೆ ಇಲ್ಲಿ ಬರೆಯುತ್ತಿರಲಿಲ್ಲ. 2015ರ ವಿಶ್ವಕಪ್ ಸೆಮಿಫೈನಲ್, ಸಿಡ್ನಿ. ವಿರಾಟ್ ಕೊಹ್ಲಿ ಒಂದು ರನ್ನಿಗೆ ಔಟಾದರು. ಬೈಗುಳ ಬಿದ್ದದ್ದು ಗ್ಯಾಲರಿಯಲ್ಲಿದ್ದ ಅನುಷ್ಕಾ ಶರ್ಮಾ ಮೇಲೆ. ಆಗಿನ್ನೂ ಅವರಿಗೆ ಮದುವೆಯೂ ಆಗಿರಲಿಲ್ಲ. ಸೊಸೆ ಕಾಲಿಟ್ಟ ಗಳಿಗೆ ಎಂದು ಹಳ್ಳಿಯ ಮನೆಗಳಲ್ಲಿ ಹೇಳುವ ಮಾತನ್ನೇ ದೇಶ ಮೊಬೈಲಿನಲ್ಲಿ ಟೈಪು ಮಾಡಿತು. ಹತ್ತು ವರ್ಷದ ಮೇಲೂ ಅಷ್ಟೇ: ಭಾರತ ತಂಡ ಆಸ್ಟ್ರೇಲಿಯಾದಲ್ಲಿ ಟೆಸ್ಟ್ ಸರಣಿಯನ್ನು 3–1ರಿಂದ ಸೋತು ಬಂದ ಮೇಲೆ, 2025ರ ಆರಂಭದಲ್ಲಿ ಬಿಸಿಸಿಐ ಬಿಗಿಮಾಡಿದ ಸಂಗತಿಗಳಲ್ಲಿ ಒಂದು, ಹೆಂಡತಿ ಮಕ್ಕಳು ಪ್ರವಾಸದಲ್ಲಿ ಎಷ್ಟು ದಿನ ಜೊತೆಗಿರಬಹುದು ಎಂಬುದು: 45 ದಿನ ಮೀರಿದ ಪ್ರವಾಸವಾದರೆ ಎರಡು ವಾರ.

ಇನ್ನೊಂದು ಕಡೆಯಿಂದ ನೋಡಿ. 2020ರ ಮಾರ್ಚ್ 8, ಮೆಲ್ಬರ್ನ್. ಮಹಿಳೆಯರ ಟಿ20 ವಿಶ್ವಕಪ್ ಫೈನಲ್. ನಮ್ಮ ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಭಾರತಕ್ಕೆ ಆಡಿದ ಪಂದ್ಯ. ಆಸ್ಟ್ರೇಲಿಯಾದ ಅಲಿಸಾ ಹೀಲಿ 39 ಎಸೆತಗಳಲ್ಲಿ 75 ಹೊಡೆದು ನಮ್ಮನ್ನು ಮುಳುಗಿಸಿದರು. ಕಿಕ್ಕಿರಿದ 86,174 ಪ್ರೇಕ್ಷಕರಲ್ಲಿ ಒಬ್ಬರು ಅವರ ಗಂಡ, ವೇಗದ ಬೌಲರ್ ಮಿಚೆಲ್ ಸ್ಟಾರ್ಕ್. ದಕ್ಷಿಣ ಆಫ್ರಿಕಾ ಪ್ರವಾಸದ ಕೊನೆಯ ಏಕದಿನ ಪಂದ್ಯ ಬಿಟ್ಟು, ಹೆಂಡತಿಯ ಆಟ ನೋಡಲೆಂದೇ ವಿಮಾನ ಹತ್ತಿ ಬಂದಿದ್ದರು. ಒಂಥರಾ ಸಿಎಲ್. ಅವರು ಬಂದದ್ದು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಯಿತು. ಗಂಡ ಆಡುವುದನ್ನು ನೋಡಲು ಕೆಲಸ ಬಿಟ್ಟು ಬಂದ ಹೆಂಡತಿ ಯಾವ ದೇಶದಲ್ಲಿ ಸುದ್ದಿಯಾಗಿದ್ದಾಳೆ? ಹೀಲಿ ಸೊನ್ನೆಗೆ ಔಟಾಗಿದ್ದರೂ ‘ಗಂಡ ಬಂದದ್ದರಿಂದ ಹೀಗಾಯಿತು’ ಎಂದು ಯಾರೂ ಅನ್ನುತ್ತಿರಲಿಲ್ಲ ಎಂಬುದು ನನ್ನ ಗಟ್ಟಿ ಅನುಮಾನ.

ಎರಡನೇ ಸೆಟ್ಟಿನಲ್ಲಿ ನಾನು ಬಾಯಿ ಮುಚ್ಚಿದೆ. ಬಾಯಿ ಮುಚ್ಚಿದ ಮೇಲೆ ಕಣ್ಣು ತೆರೆಯಿತು. ಅಲ್ಲಿಯವರೆಗೆ ನಾನು ಬಾಲನ್ನಷ್ಟೇ ನೋಡುತ್ತಿದ್ದೆ. ಈಗ ಅವಳು ಕಂಡಳು. ಸರ್ವಿಸಿಗೆ ಮುಂಚೆ ಬಲಗೈಯನ್ನು ಟ್ರ್ಯಾಕ್ ಪ್ಯಾಂಟಿಗೆ ಎರಡು ಸಲ ಒರೆಸಿಕೊಳ್ಳುತ್ತಾಳೆ. ತಾಳಿ ಸರವನ್ನು ಟೀಶರ್ಟಿನೊಳಗೆ ಸೇರಿಸಿ ಪಿನ್ನು ಹಾಕಿದ್ದಾಳೆ. ಬಳೆ ಇಲ್ಲದ ಮಣಿಕಟ್ಟಿನಲ್ಲಿ ಬಿಳಿಯ ಗುರುತು. ಎದುರಾಳಿ ಎಸೆಯುವ ಮುಂಚೆಯೇ ಅವಳ ಎಡಪಾದ ಅರ್ಧ ಹೆಜ್ಜೆ ಸರಿಯುತ್ತದೆ, ಬಾಲು ಎಲ್ಲಿಗೆಂದು ಅವಳ ಪಾದಕ್ಕೆ ಮೊದಲೇ ತಿಳಿದ ಹಾಗೆ. ಈ ಹೆಂಗಸು ಹದಿನೈದನೇ ವಯಸ್ಸಿನಲ್ಲಿ ಹೀಗೆಯೇ ನಿಲ್ಲುತ್ತಿದ್ದಳು, ನಡುವೆ ಇಪ್ಪತ್ತೊಂಬತ್ತು ವರ್ಷ ಆ ಪಾದವನ್ನು ಯಾರೂ ಕೇಳಿರಲಿಲ್ಲ.

ಪಾಯಿಂಟು ಹೋದಾಗಲೆಲ್ಲ ನಾನು ಒಂದೇ ಮಾತು ಹೇಳಿದೆ: ‘ಇರ್ಲಿ, ಇರ್ಲಿ.’ ನಂಬರ್ ಸೆವೆನ್‌ನವರೂ ಶುರುಮಾಡಿದರು. ಎಂಟನೇ ಪಾಯಿಂಟಿನ ಹೊತ್ತಿಗೆ ಗೆರೆಯಾಚೆಯ ಗಂಡಂದಿರೆಲ್ಲ ಸೇರಿ ಭಜನೆಯ ಹಾಗೆ ‘ಇರ್ಲಿ, ಇರ್ಲಿ’. ಎರಡನೇ ಸೆಟ್ಟು ನಮಗೆ ಬಂತು, 15–12. ನಾನು ಸುಮ್ಮನಿದ್ದದ್ದರಿಂದಲೇ ಬಂತು ಎಂದು ಹೇಳಲಾರೆ. ಎದುರು ತಂಡ ಆರೋಗ್ಯ ಇಲಾಖೆಯದು; ಅವರ ಎತ್ತರದ ಒಬ್ಬ ನರ್ಸ್ ಸುಸ್ತಾಗಿದ್ದರು, ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದರಂತೆ. ಅವರ ಗಂಡ ಆಚೆ ಬದಿಯಲ್ಲಿ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಆ ಮಗು ಯಾರು ಪಾಯಿಂಟು ಗಳಿಸಿದರೂ ಚಪ್ಪಾಳೆ ತಟ್ಟುತ್ತಿತ್ತು. ಅವತ್ತಿನ ಅತ್ಯುತ್ತಮ ಪ್ರೇಕ್ಷಕ ಪ್ರಶಸ್ತಿ ಅದಕ್ಕೇ ಸಲ್ಲಬೇಕು.

ಮೂರನೇ ಸೆಟ್ಟು 13–13. ಮೈಕಿನಲ್ಲಿ ಯಾರೋ ‘ಊಟದ ವ್ಯವಸ್ಥೆ ವೇದಿಕೆಯ ಹಿಂಭಾಗದಲ್ಲಿದೆ, ಪಲಾವ್, ಮೊಸರನ್ನ ಸಿದ್ಧವಿದೆ’ ಎನ್ನುತ್ತಿದ್ದರು. ಅಂಕಣ ಬದಲಾಗಿ ಅವಳು ಈಗ ನನಗೆ ಎದುರಾಗಿದ್ದಳು. ಆಚೆಯಿಂದ ಎತ್ತರದ ನರ್ಸಿನ ಸರ್ವಿಸು, ಬಲೆಯ ಮೇಲೆ ಚೂರೇ ಅಂತರ ಬಿಟ್ಟು, ಚಪ್ಪಟೆಯಾಗಿ. ನೇರ ಅವಳ ಮುಖದ ಮಟ್ಟಕ್ಕೆ. ಹಿಡಿದಳು, ಬೆರಳ ತುದಿಯಲ್ಲಿ ಪುಟಿಯಿತು, ಮತ್ತೆ ಹಿಡಿದಳು. ಸೀಟಿ. ಡಬಲ್. ನಾವು ‘ಇರ್ಲಿ’ ಎಂದೆವು, ದನಿ ಏಳಲಿಲ್ಲ. ಮುಂದಿನ ಬಾಲು ಹೇಗೆ ಹೋಯಿತೋ ನಾನು ನೋಡಲಿಲ್ಲ. ಬೆನ್ನು ತಿರುಗಿಸಿ, ಅವಳ ಬ್ಯಾಗಿನ ಜಿಪ್ಪನ್ನು ಹಾಕುತ್ತ ತೆಗೆಯುತ್ತ ನಿಂತಿದ್ದೆ. ಆಚೆ ಬದಿಯ ಕೇಕೆ ಕೇಳಿ ತಿಳಿಯಿತು.

ಆಟಗಾರ್ತಿಯರು ಕೈ ಕುಲುಕಿ, ಪರಸ್ಪರ ಕ್ಲಸ್ಟರು, ಪಿಎಚ್‌ಸಿ, ಮಕ್ಕಳ ಕ್ಲಾಸು ಎಲ್ಲ ವಿಚಾರಿಸಿಕೊಂಡು ಒಟ್ಟಿಗೆ ಪಲಾವ್ ತಿಂದರು. ಸೋತ ದುಃಖ ಗೆರೆಯಾಚೆಯೇ ಹೆಚ್ಚಿದ್ದ ಹಾಗಿತ್ತು.

ಸ್ಕೂಟರಿನಲ್ಲಿ ಬರುವಾಗ ಅವಳು ಹಿಂದಿನಿಂದ ಕೈಚಾಚಿ ಬೆರಳು ತೋರಿಸಿದಳು. ಬಲಗೈ ಉಂಗುರ ಬೆರಳು ಊದಿಕೊಂಡಿತ್ತು. ‘ನೋವಾ?’ ಎಂದೆ. ‘ಕೊನೇ ಪಾಯಿಂಟಿಗೆ ಯಾಕೆ ಆ ಕಡೆ ತಿರುಗಿದ್ರಿ?’ ಎಂದಳು. ಅಷ್ಟು ಗಡಿಬಿಡಿಯಲ್ಲೂ ನೋಡಿದ್ದಳು. ನನ್ನಲ್ಲಿ ಉತ್ತರವಿರಲಿಲ್ಲ. ಹೊಳೆ ಬಸ್‌ಸ್ಟಾಪ್ ದಾಟಿದ ಮೇಲೆ ಮತ್ತೆ ಅವಳೇ ಮಾತೆತ್ತಿದಳು:

‘ಆ ಡಬಲ್ ಆಯ್ತಲ್ಲ, ಅದು ನಿಮ್ಮಿಂದ್ಲೇ ಗೊತ್ತಾ.’

‘ನಾನು ಬಾಯೇ ಬಿಟ್ಟಿಲ್ವಲ್ಲೇ!’

‘ಬಾಯಲ್ಲ ಕಣ್ರೀ. ಎದುರಿಗೇ ನಿಂತಿದ್ರಿ. ಬಿಸಿಲಿಗೆ ನಿಮ್ ತಲೆ ಹೊಳೀತಿತ್ತು, ಬಾಲು ಕಾಣ್ಲೇ ಇಲ್ಲ.’

ಬೆನ್ನ ಹಿಂದೆ ಅವಳು ನಗುತ್ತಿದ್ದದ್ದು ಸ್ಕೂಟರಿಗೇ ಗೊತ್ತಾಗುವಷ್ಟಿತ್ತು. ಮಾರನೇ ದಿನ ಬ್ಯಾಂಕು ಮುಗಿಸಿ ಗಾಂಧಿ ಬಜಾರಿಗೆ ಹೋಗಿ, ಅಗಲ ಅಂಚಿನ ಒಂದು ಟೋಪಿ ಕೊಂಡು ತಂದೆ.